‘ಅಪ್ಪ ಊರಿಗೆ ಹೋಗ್ಯಾನ’: ಗೋವಾದ ಒಂದು ಖೋಲಿಯ ತಾಯಿ-ಮಗುವಿನ ಪ್ರಕರಣ ಅಧ್ಯಯನ

ಮನಸ್ಸಿನ ತೊಂದರೆ ಇರುವ ಮಕ್ಕಳ ಜೊತೆ ಕೂತು ಕೆಲಸ ಮಾಡುವವಳು ನಾನು. ಇದನ್ನು ಬರೆಯಲು ತಾಯಿಯ ಒಪ್ಪಿಗೆ ಇದೆ. ಬರೆದ ಮೇಲೆ ಪೂರ್ತಿ ಓದಿ ಹೇಳಿದ್ದೇನೆ. ಎರಡು ಕಡೆ ಅವರು ಬೇಡ ಅಂದರು, ಅದನ್ನು ತೆಗೆದಿದ್ದೇನೆ. ಊರು, ವಯಸ್ಸು, ಮನೆಮಂದಿಯ ಕೆಲವು ವಿವರ ಬದಲಾಗಿವೆ. ಹುಡುಗನನ್ನು ಇಲ್ಲಿ ಪುಟ್ಟ ಅಂತ ಕರೆಯುತ್ತೇನೆ. ತಾಯಿಯನ್ನು ತಾಯಿ ಅಂತಲೇ. ಅಪ್ಪನ ತಾಯಿಯನ್ನು ಅವರ ಮನೆಯಲ್ಲಿ ಕರೆಯುವ ಹಾಗೆ ಆಯಿ ಅಂತ.

ಹಿನ್ನೆಲೆ

ಗೋವಾದ ವಾಸ್ಕೋ ಪಟ್ಟಣದ ಸುತ್ತಮುತ್ತ ಬಾಡಿಗೆ ಖೋಲಿಗಳ ಸಾಲುಗಳಿವೆ. ತಗಡಿನ ಮಾಡು, ಒಂದೇ ಕೋಣೆ, ಹೊರಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಹಾವೇರಿ ಕಡೆಯ ಜನ ಇಲ್ಲಿ ತುಂಬಾ ಇದ್ದಾರೆ. ಗಂಡಸರು ಸೆಂಟ್ರಿಂಗ್, ಗೌಂಡಿ ಕೆಲಸ ಮಾಡುತ್ತಾರೆ. ಹೆಂಗಸರು ಬುಟ್ಟಿ ಹೊರುತ್ತಾರೆ, ಇಲ್ಲವೇ ಮನೆಗೆಲಸಕ್ಕೆ ಹೋಗುತ್ತಾರೆ. ಗೋವಾದಲ್ಲೇ ಹುಟ್ಟಿ ಬೆಳೆದವರಿಗೂ ಊರು ಅಂದರೆ ಘಟ್ಟದ ಆಚೆಯ ಊರೇ. ಪಂಚಮಿಗೆ, ಜಾತ್ರೆಗೆ, ಮದುವೆಗೆ, ಓಟಿಗೆ, ಮಣ್ಣಿಗೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಯಾವುದಾದರೂ ಖೋಲಿಗೆ ಬೀಗ ಇದ್ದರೆ ಮಗ್ಗುಲಿನವರು ಹೇಳುವ ಮಾತು ಒಂದೇ: ‘ಊರಿಗೆ ಹೋಗ್ಯಾರ್ರೀ.’ ಇಡೀ ಪ್ರಕರಣ ನಿಂತಿರುವುದು ಈ ಮಾತಿನ ಮೇಲೆ.

ಪುಟ್ಟನ ಅಪ್ಪ ಸೆಂಟ್ರಿಂಗ್ ಕೆಲಸದವರು. ಮಳೆ ಹಿಡಿಯುವ ಮೊದಲು ಸ್ಲ್ಯಾಬ್ ಮುಗಿಸುವ ಅವಸರ ಗೋವಾದಲ್ಲಿ ಪ್ರತಿ ಮೇ ತಿಂಗಳೂ ಇರುತ್ತದೆ. ಅಂಥದ್ದೇ ಒಂದು ಮೇ ತಿಂಗಳಲ್ಲಿ ಅವರು ಮೂರನೇ ಮಹಡಿಯಿಂದ ಬಿದ್ದರು. 9 ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ದೇಹವನ್ನು ಆಂಬುಲೆನ್ಸಿನಲ್ಲಿ ಘಟ್ಟ ಹತ್ತಿಸಿ ಊರಿಗೆ ಒಯ್ದರು, ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ತಾಯಿಗೆ ಆಗ 24 ವರ್ಷ. ಪುಟ್ಟನಿಗೆ 4 ತುಂಬಲು ಎರಡು ತಿಂಗಳು ಬಾಕಿ. ಅವನನ್ನು ಮಗ್ಗುಲ ಖೋಲಿಯ ಹೆಂಗಸಿನ ಹತ್ತಿರ ಬಿಟ್ಟು ಹೋಗಿದ್ದರು.

12 ದಿನಗಳ ಮೇಲೆ ತಾಯಿ, ಆಯಿ ಇಬ್ಬರೂ ಗೋವಾಕ್ಕೆ ಬಂದರು. ತಾಯಿಯ ಹಣೆ ಬೋಳು, ಕೈ ಬೋಳು. ಪುಟ್ಟ ಬಾಗಿಲಲ್ಲೇ ಕೇಳಿದ: ಅಪ್ಪ ಎಲ್ಲಿ? ತಾಯಿ ಬಾಯಿ ತೆರೆಯುವ ಮೊದಲೇ ಆಯಿ ಹೇಳಿಬಿಟ್ಟರು: ‘ಅಪ್ಪ ಊರಿಗೆ ಹೋಗ್ಯಾನಪ್ಪಾ, ಬರ್ತಾನ.’

ಆಯಿಯನ್ನು ನಾನು ದೂರುವುದಿಲ್ಲ. ಮಗ ಹೋಗಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಆ ಕ್ಷಣಕ್ಕೆ ಮೊಮ್ಮಗನ ಮುಖ ನೋಡಿ ಬಾಯಿಗೆ ಬಂದ ಮೆತ್ತಗಿನ ಮಾತು ಅದು. ಯಾರಾದರೂ ಅದನ್ನೇ ಹೇಳುತ್ತಿದ್ದರು, ಅಲ್ವಾ?

ಸಮಸ್ಯೆ

ಆಗಸ್ಟಿನಲ್ಲಿ ಅಂಗನವಾಡಿಯ ಸಹಾಯಕಿ ಇವರನ್ನು ನನ್ನ ಹತ್ತಿರ ಕರೆದುಕೊಂಡು ಬಂದರು. ಪುಟ್ಟ ಎರಡು ತಿಂಗಳಿಂದ ಅಲ್ಲಿ ಒಂದು ಮಾತೂ ಆಡಿರಲಿಲ್ಲ. ಅಲ್ಲಿಯ ಟೀಚರ್ ಕೊಂಕಣಿ, ಮರಾಠಿ ಮಾತಾಡುತ್ತಾರೆ. ಹುಡುಗನಿಗೆ ಭಾಷೆ ಬರುವುದಿಲ್ಲ, ಅದಕ್ಕೇ ಸುಮ್ನಿದ್ದಾನೆ ಅಂತ ಅವರು ಅಂದುಕೊಂಡಿದ್ದರು. ಹೊರರಾಜ್ಯದ ಮಕ್ಕಳ ವಿಷಯದಲ್ಲಿ ಈ ತಪ್ಪು ತುಂಬಾ ಸಲ ಆಗುತ್ತದೆ. ಎಲ್ಲ ಮೌನವನ್ನೂ ಭಾಷೆಯ ತಲೆಗೇ ಕಟ್ಟಿಬಿಡುತ್ತೇವೆ. ತಾಯಿಯನ್ನು ಕೇಳಿದಾಗ ಗೊತ್ತಾಯಿತು, ಅವನು ಮನೆಯಲ್ಲೂ ಮಾತು ಬಿಟ್ಟಿದ್ದ. ನೀರು, ಅನ್ನ, ಬ್ಯಾಡ. ಇಷ್ಟೇ.

ರಾತ್ರಿ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದ. ತಾಯಿಯ ಸೆರಗಿನ ತುದಿ ಹಿಡಿದುಕೊಂಡೇ ಮಲಗುತ್ತಿದ್ದ. ಪರಿಹಾರದ ಅರ್ಜಿಗೆ ಬೇಕಾದ ಕಾಗದಗಳಿಗಾಗಿ ತಾಯಿ ತಿಂಗಳಿಗೊಮ್ಮೆ ಎರಡು ದಿನ ಊರಿಗೆ ಹೋಗಬೇಕಾಗಿತ್ತು. 1923ರ ನೌಕರರ ಪರಿಹಾರ ಕಾಯ್ದೆಯ ಕೆಳಗೆ ಅರ್ಜಿ ಹಾಕಿದ್ದರು. ಆದರೆ ಗುತ್ತಿಗೆದಾರ, ಈ ಮನುಷ್ಯ ನನ್ನ ಕೆಲಸದವನೇ ಅಲ್ಲ ಅನ್ನುತ್ತಿದ್ದ. ಹೆಸರಿನ ಒಂದಕ್ಷರ ಆಧಾರ್ ಕಾರ್ಡಿನಲ್ಲಿ ಬೇರೆ, ಊರಿನ ದಾಖಲೆಯಲ್ಲಿ ಬೇರೆ. ತಾಯಿ ಹೊರಡುವ ದಿನ ಪುಟ್ಟ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಕೆಂಪು ಬಸ್ಸು ನೋಡಿದ ಕೂಡಲೇ ನೆಲಕ್ಕೆ ಬಿದ್ದು ಕಿರುಚುತ್ತಿದ್ದ. ಗೋವಾ ಸರ್ಕಾರದ ಕದಂಬ ಬಸ್ಸಿಗೆ ಏನೂ ಮಾಡುತ್ತಿರಲಿಲ್ಲ. ತಾಯಿ ಇದನ್ನು ಮೊದಲ ದಿನವೇ ಹೇಳಿದ್ದರು. ನಾನು ಬರೆದುಕೊಂಡೆ, ಆದರೆ ಅದರ ಅರ್ಥ ಕೇಳಲಿಲ್ಲ.

ನಾನು ಮೊದಲು ಮಾಡಿದ್ದು

ತಾಯಿಯ ಬಗ್ಗೆ ನಾನು ಅಷ್ಟು ಯೋಚಿಸಲಿಲ್ಲ. ಸಮಸ್ಯೆ ಮಗುವಿನದು, ಹಾಗಾಗಿ ಮಗುವಿನ ಜೊತೆ ಕೂತೆ. ವಾರಕ್ಕೊಂದು ಸಲ, ಆಟದ ಸಾಮಾನು ಹರಡಿಕೊಂಡು, ಐದು ವಾರ. ತಾಯಿ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಪುಟ್ಟ ಗಾಡಿಗಳನ್ನು ಸಾಲಾಗಿ ಜೋಡಿಸುತ್ತಿದ್ದ, ಬಾಗಿಲು ನೋಡುತ್ತಿದ್ದ, ಮತ್ತೆ ಜೋಡಿಸುತ್ತಿದ್ದ. ನಾನು ಕಾದೆ. ಏನೂ ಆಗಲಿಲ್ಲ.

ಐದನೇ ವಾರ ತಾಯಿಗೆ ಒಂದು ಸಲಹೆ ಕೊಟ್ಟೆ. ತಾಯಿ ಬಿಟ್ಟು ಹೋಗುವ ಭಯ ಇರುವ ಮಕ್ಕಳ ವಿಷಯದಲ್ಲಿ ಎಲ್ಲರೂ ಹೇಳುವ ಸಲಹೆ ಅದು: ಕದ್ದು ಹೋಗಬೇಡ, ಹೇಳಿಯೇ ಹೋಗು, ಎಲ್ಲಿಗೆ ಹೋಗುತ್ತೀಯ, ಯಾವಾಗ ಬರುತ್ತೀಯ ಅನ್ನುವುದನ್ನು ಸರಳವಾಗಿ ಹೇಳು. ಸಲಹೆ ತಪ್ಪಲ್ಲ. ತಾಯಿ ಹಾಗೇ ಮಾಡಿದರು. ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದರು: ‘ಅವ್ವ ಊರಿಗೆ ಹೋಗ್ತಾಳ, ಬರ್ತಾಳ.’

ಆಯಿ ಮೇ ತಿಂಗಳಲ್ಲಿ ಅಪ್ಪನ ಬಗ್ಗೆ ಹೇಳಿದ್ದೂ ಇದೇ ಮಾತು.

ಆ ಎರಡು ದಿನ ಪುಟ್ಟ ಏನೂ ತಿನ್ನಲಿಲ್ಲ. ಎತ್ತಿಕೊಳ್ಳಲು ಬಂದ ಮಗ್ಗುಲ ಖೋಲಿಯ ಹೆಂಗಸಿನ ಕೈ ಕಚ್ಚಿದ. ತಾಯಿ ಬಂದ ಮೇಲೆ ಅವರ ಮುಖವನ್ನೇ ನೋಡಲಿಲ್ಲ. ಒಂದು ಇಡೀ ರಾತ್ರಿ ಗೋಡೆ ಕಡೆ ತಿರುಗಿ ಕೂತಿದ್ದ. ತಾಯಿ ನನ್ನ ಹತ್ತಿರ ಬಂದು ಅಂದದ್ದು ಇಷ್ಟೇ: ‘ಅಕ್ಕಾರ, ನೀವು ಹೇಳಿದಂಗ ಮಾಡಿದೆ. ಇನ್ನ ಕೆಟ್ಟಾತು.’ ಸಿಟ್ಟಿರಲಿಲ್ಲ. ಧ್ವನಿಯಲ್ಲಿ ಏನೂ ಇರಲಿಲ್ಲ. ಅದನ್ನು ಕೇಳಿ ನಾನು ಗಾಬರಿಯಾದೆ. ಅವತ್ತು ಮೊದಲ ಸಲ ತಾಯಿಯನ್ನು ಸರಿಯಾಗಿ ನೋಡಿದೆ.

ತಾಯಿಯ ಕಡೆ ತಿರುಗಿದ್ದು

ಖಿನ್ನತೆ ಅಳೆಯುವ 9 ಪ್ರಶ್ನೆಗಳ ಪಟ್ಟಿಯೊಂದಿದೆ, ಅಂಕ 0ಯಿಂದ 27ರವರೆಗೆ. ಒಂದೊಂದೇ ಪ್ರಶ್ನೆಯನ್ನು ನಮ್ಮ ಕಡೆಯ ಮಾತಿನಲ್ಲಿ ಕೇಳಿದೆ. 17 ಬಂತು. ಹೆಚ್ಚುಕಡಿಮೆ ತೀವ್ರ ಅನ್ನುವ ಮಟ್ಟ. ಸಾಯುವ ಯೋಚನೆ ಬರುತ್ತದೆಯೇ ಅಂತಲೂ ನೇರವಾಗಿ ಕೇಳಿದೆ. ‘ಇವನ್ನ ಬಿಟ್ಟು ಹೆಂಗ ಸಾಯಲ್ರಿ’ ಅಂದರು. ಆ ಉತ್ತರದ ಮೇಲೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ, ಅಪಾಯವಿಲ್ಲ ಅಂತ ಖಚಿತ ಮಾಡಿಕೊಂಡೆ. ಆದರೂ ಪ್ರತಿ ವಾರ ಅದನ್ನೇ ಕೇಳುತ್ತಿದ್ದೆ.

ನಾಲ್ಕು ತಿಂಗಳು ಅವರು ಅತ್ತಿರಲಿಲ್ಲ. ಅತ್ತರೆ ಪುಟ್ಟನಿಗೆ ಗೊತ್ತಾಗಿಬಿಡುತ್ತದೆ ಅನ್ನುವ ಭಯ. ಅಡುಗೆ, ಕೆಲಸ, ಅರ್ಜಿ ಎಲ್ಲ ಮಾಡುತ್ತಿದ್ದರು, ಆದರೆ ಮುಖ ಮಾತ್ರ ಕಲ್ಲು. ಮಗುವಿಗೆ ಇದು ಹೇಗೆ ಕಾಣುತ್ತದೆ ಅನ್ನುವುದನ್ನು ಅಮೆರಿಕದ ಎಡ್ವರ್ಡ್ ಟ್ರಾನಿಕ್ ಮತ್ತು ಜೊತೆಗಾರರು 1978ರಲ್ಲೇ ಪ್ರಕಟಿಸಿದ್ದರು. ಅವರ ಪ್ರಯೋಗದಲ್ಲಿ ಒಬ್ಬ ತಾಯಿ ತನ್ನ ಕೂಸಿನ ಜೊತೆ ನಗುತ್ತಾ ಆಡುತ್ತಾಳೆ. ಆಮೇಲೆ ಕೆಲವೇ ನಿಮಿಷ ಮುಖವನ್ನು ಅಲ್ಲಾಡಿಸದೆ ಸುಮ್ಮನೆ ನೋಡುತ್ತಾಳೆ. ಕೂಸು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ತಾಯಿಯ ಮುಖ ಬದಲಾಗದಿದ್ದರೆ ಕೊನೆಗೆ ಮುಖ ತಿರುಗಿಸಿಬಿಡುತ್ತದೆ. ಕೆಲವು ನಿಮಿಷಕ್ಕೇ ಹೀಗೆ. ಪುಟ್ಟ ನಾಲ್ಕು ತಿಂಗಳು ಆ ಮುಖ ನೋಡಿದ್ದ. ತಾಯಿಯ ತಪ್ಪಲ್ಲ ಅದು. ಮಗನನ್ನು ಕಾಪಾಡಲು ಅಂತಲೇ ಅವರು ಮುಖ ಗಟ್ಟಿ ಮಾಡಿಕೊಂಡಿದ್ದರು.

ಅವರಿಗೆ ಗೋವಾದಲ್ಲೇ ಪರೀಕ್ಷೆಯಾದ ದಾರಿಯನ್ನು ಹಿಡಿದೆ. ಮಾನಸಿಕ ಆರೋಗ್ಯದ ಕೆಲಸ ಮಾಡುವ ಇಲ್ಲಿನ ಸಂಗಾತ್ ಸಂಸ್ಥೆ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಖಿನ್ನತೆ ಜಾಸ್ತಿ ಇದ್ದ 495 ಜನರ ಮೇಲೆ ಒಂದು ಅಧ್ಯಯನ ಮಾಡಿತ್ತು. ವಿಕ್ರಂ ಪಟೇಲ್ ಮತ್ತು ಜೊತೆಗಾರರು ಅದನ್ನು 2017ರಲ್ಲಿ ಪ್ರಕಟಿಸಿದರು. ಅಲ್ಲಿ ಮಾತಾಡಿಸಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ. ಮುಖ್ಯವಾಗಿ ಮಾಡಿಸಿದ್ದು ಒಂದೇ: ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಅಂತ ಕಾಯದೆ, ಮೊದಲು ಇಷ್ಟವಾಗುತ್ತಿದ್ದ ಸಣ್ಣ ಸಣ್ಣ ಕೆಲಸಗಳಿಗೆ ಒಂದೊಂದಾಗಿ ಮರಳುವುದು. ಈ ಸಹಾಯ ಸಿಕ್ಕವರಲ್ಲಿ ಮೂರು ತಿಂಗಳಿಗೆ 64% ಜನ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ 39%.

ನಮ್ಮ ತಾಯಿ ಆರಿಸಿಕೊಂಡ ಮೊದಲ ಕೆಲಸ ರೊಟ್ಟಿ ಬಡಿಯುವುದು. ಗಂಡ ಹೋದ ಮೇಲೆ ಅವರು ಜೋಳದ ರೊಟ್ಟಿ ಮಾಡಿರಲಿಲ್ಲ, ಬರೀ ಅನ್ನ ಇಡುತ್ತಿದ್ದರು. ವಾರಕ್ಕೆ ಎರಡು ಸಲ ರೊಟ್ಟಿ, ಸಂಜೆ ಮಗ್ಗುಲಿನವರ ಜೊತೆ ಹೊಸ್ತಿಲಲ್ಲಿ ಅರ್ಧ ಗಂಟೆ ಕೂರುವುದು. ಇಷ್ಟು ಸಣ್ಣದರಿಂದ ಶುರುವಾಯಿತು. ಎರಡನೇ ಸಲ ರೊಟ್ಟಿ ಬಡಿಯುವಾಗ ಪುಟ್ಟ ಹತ್ತಿರ ಬಂದು ಹಿಟ್ಟಿಗೆ ಕೈ ಹಾಕಿದನಂತೆ.

ಇದರ ಜೊತೆಗೇ ಇನ್ನೊಂದು ನಿರ್ಧಾರ ಮಾಡಿದೆ. ಇನ್ನು ಮುಂದೆ ತಾಯಿ ಮೆಟ್ಟಿಲ ಮೇಲಲ್ಲ, ಒಳಗೆ, ಆಟದ ಚಾಪೆಯ ಮೇಲೆ. ಅಮೆರಿಕದ ಅಲಿಸಿಯಾ ಲೀಬರ್‌ಮನ್ ಮತ್ತು ಪ್ಯಾಟ್ರಿಷಿಯಾ ವ್ಯಾನ್ ಹಾರ್ನ್ ರೂಪಿಸಿದ ವಿಧಾನ ಇದು. ಚಿಕ್ಕ ಮಗುವನ್ನು ಒಂಟಿಯಾಗಿ ಅಲ್ಲ, ತಾಯಿ-ಮಗುವನ್ನು ಒಟ್ಟಿಗೇ ಕೂರಿಸಿ ಕೆಲಸ ಮಾಡುವುದು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮನೆಯಲ್ಲಿ ಹೊಡೆದಾಟ ಕಂಡ, 3ರಿಂದ 5 ವರ್ಷದ 75 ಮಕ್ಕಳು ಮತ್ತು ಅವರ ತಾಯಂದಿರಿದ್ದರು. ಒಟ್ಟಿಗೆ ಕೂತ ಜೋಡಿಗಳಲ್ಲಿ ಮಕ್ಕಳ ತೊಂದರೆ ಹೆಚ್ಚು ಇಳಿಯಿತು. ಅದು ಸುಮಾರು ಒಂದು ವರ್ಷದ, ವಾರ ವಾರದ ಕೆಲಸ. ನಮ್ಮ ಹತ್ತಿರ ಅಷ್ಟು ಸಮಯ ಇರಲಿಲ್ಲ. ತಾಯಿ ಒಂದು ದಿನದ ಕೂಲಿ ಬಿಟ್ಟು ಬರಬೇಕಾಗಿತ್ತು. ಹಾಗಾಗಿ ಭಾನುವಾರ ಅವರ ಖೋಲಿಗೇ ನಾನು ಹೋಗಲು ಶುರು ಮಾಡಿದೆ. ಮೊದಲೇ ಹಾಗೆ ಮಾಡಿದ್ದರೆ ಎಷ್ಟೋ ವಾರ ಉಳಿಯುತ್ತಿತ್ತು.

ಕೆಂಪು ಬಸ್ಸು

ಅವರ ಖೋಲಿಯಲ್ಲಿ ಮೂರನೇ ಭಾನುವಾರ. ಹೊರಗೆ ಮಳೆ, ತಗಡಿನ ಸದ್ದು. ತಾಯಿ ಗೋಡೆಗೆ ಒರಗಿ ಕೂತಿದ್ದರು. ನಾನು ಒಂದು ಕೆಂಪು ಪ್ಲಾಸ್ಟಿಕ್ ಬಸ್ಸು ಒಯ್ದಿದ್ದೆ. ಪುಟ್ಟ ಅದನ್ನು ನೋಡಿ ದೂರ ಸರಿದ. ಆಮೇಲೆ ಮೆಲ್ಲಗೆ ಬಂದು, ಒಂದು ಬಾಚಣಿಗೆ ತಗೊಂಡು ಬಸ್ಸಿನೊಳಗೆ ತುರುಕಿದ. ಬಸ್ಸನ್ನು ಹಾಸಿಗೆಯ ಸುರುಳಿಯ ಹಿಂದೆ ತಳ್ಳಿದ, ಕಾಣದ ಹಾಗೆ.

‘ಎಲ್ಲಿಗೆ ಹೊಂಟೈತಿ ತಮ್ಮಾ ಬಸ್ಸು?’ ಕೇಳಿದೆ.

‘ಊರಿಗೆ.’

‘ಊರಾಗ ಯಾರದಾರ?’

‘ಅಪ್ಪ ಅದಾನ. ಅಲ್ಲಿ ಹೋದ್ರ ಬರಾಕ ಬರಂಗಿಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾಯಿಯ ಕೈ ನೋಡಿ ಅಂದ: ‘ಅವ್ವನ ಬಳಿ ಕಸಗೊಂಡಾರ. ಈಗ ಅವ್ವನ್ನೂ ಕಸಗೋತಾರ.’

ಅಷ್ಟು ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಇದು. ತಾಯಿ ಅವನನ್ನು ಎಳೆದು ಎದೆಗೆ ಒತ್ತಿಕೊಂಡರು. ಅವತ್ತು ಅತ್ತರು, ಮಗನ ಎದುರಿಗೇ.

ಪುಟ್ಟನ ಲೆಕ್ಕ ಪಕ್ಕಾ ಇತ್ತು. ಅಪ್ಪ ಊರಿಗೆ ಹೋದ, ಬರಲಿಲ್ಲ. ಅವ್ವ ಊರಿಗೆ ಹೋದಳು, ಬಳೆ, ಕುಂಕುಮ, ತಾಳಿ ಕಳೆದುಕೊಂಡು ಬಂದಳು. ಕೆಂಪು ಬಸ್ಸು ಅಲ್ಲಿಗೇ ಹೋಗುವುದು. ನಾವು ಹೇಳಿದ ಮಾತನ್ನು ಅವನು ನಂಬಿದ್ದ, ಕಣ್ಣಿಗೆ ಕಂಡದ್ದನ್ನು ಅದಕ್ಕೆ ಜೋಡಿಸಿದ್ದ. ಊರು ಅವನ ಪಾಲಿಗೆ ಮನುಷ್ಯರನ್ನು ನುಂಗುವ ಜಾಗವಾಗಿತ್ತು. ಇನ್ನು ಮೌನ ಯಾಕೆ? ಅಪ್ಪನ ಹೆಸರೆತ್ತಿದಾಗೆಲ್ಲ ದೊಡ್ಡವರ ಮುಖ ಬಿಗಿಯುತ್ತಿತ್ತು, ಮಾತು ಬದಲಾಗುತ್ತಿತ್ತು. ಕೇಳಬಾರದು ಅಂತ ಅವನು ಕಲಿತಿದ್ದ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1979ರಲ್ಲಿ ಇದರ ಬಗ್ಗೆಯೇ ಬರೆದಿದ್ದರು: ಮಗುವಿಗೆ ಏನೋ ಗೊತ್ತಿರುತ್ತದೆ, ಅದು ಗೊತ್ತಿರಬಾರದು ಅಂತ ದೊಡ್ಡವರಿಗೆ ಆಸೆ ಇರುತ್ತದೆ. ಆಗ ಮಗು ತನಗೆ ತಿಳಿದದ್ದನ್ನೂ ಅನಿಸಿದ್ದನ್ನೂ ಒಳಗೇ ಮುಚ್ಚಿಡುತ್ತದೆ.

ಇನ್ನೊಂದು ಸಂಗತಿ ನನ್ನನ್ನು ತುಂಬಾ ಕಾಡಿತು. ನಮ್ಮ ಭಾಷೆಯಲ್ಲಿ ಸಾವಿನ ಮೆತ್ತಗಿನ ಮಾತುಗಳಲ್ಲಿ ಎಷ್ಟೋ ಹೋಗುವ, ಸೇರುವ ಮಾತುಗಳು. ಹೋಗಿಬಿಟ್ಟರು, ಬಿಟ್ಟು ಹೋದರು, ಶಿವನ ಪಾದ ಸೇರಿದರು. ದೊಡ್ಡವರಿಗೆ ಇದರ ಅರ್ಥ ಗೊತ್ತು. ನಾಲ್ಕು ವರ್ಷದವನಿಗೆ ‘ಹೋದ’ ಅಂದರೆ ಹೋದ, ಅಷ್ಟೇ. ಹಂಗೆರಿಯ ಮಾರಿಯಾ ನಾಗಿ 378 ಮಕ್ಕಳನ್ನು ಮಾತಾಡಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿದೆ. ಐದಕ್ಕಿಂತ ಚಿಕ್ಕ ಮಕ್ಕಳು ಸಾವನ್ನು ಪ್ರಯಾಣದ ಹಾಗೆ, ನಿದ್ದೆಯ ಹಾಗೆ ನೋಡುತ್ತಾರೆ. ಸತ್ತವರು ಎಲ್ಲೋ ಇದ್ದಾರೆ, ಅಲ್ಲಿ ಬದುಕಿದ್ದಾರೆ ಅಂದುಕೊಳ್ಳುತ್ತಾರೆ. ಅಂದರೆ ಆ ವಯಸ್ಸಿನ ಮನಸ್ಸು ತಾನಾಗಿಯೇ ಎಡವುವ ಜಾಗ ಅದು. ನಮ್ಮ ಮಾತು ಅವನನ್ನು ಅಲ್ಲಿಗೇ ನೂಕಿತ್ತು.

ಹೇಳಬೇಕೋ ಬೇಡವೋ

ನಿಜ ಹೇಳಬೇಕು ಅಂತ ನನಗೆ ಅನಿಸಿತ್ತು. ಆದರೆ ಹೇಳುವವರು ತಾಯಿ, ಹೇಳಿದ ಮೇಲೆ ಆ ರಾತ್ರಿ ಕಳೆಯಬೇಕಾದವರೂ ಅವರೇ. ಆಯಿ ಒಪ್ಪಲಿಲ್ಲ. ‘ಕೂಸಿಗೇನ ತಿಳೀತೈತಿ? ದೊಡ್ಡಾವಾದ ಮ್ಯಾಲ ತಾನ ತಿಳ್ಕೋತಾನ’ ಅಂದರು. ಇನ್ನೊಂದು ಮಾತೂ ಹೇಳಿದರು: ಪುಟ್ಟನನ್ನು ತಾನೇ ಊರಿಗೆ ಕರಕೊಂಡು ಹೋಗಿ ಸಾಕುತ್ತೇನೆ, ಸೊಸೆ ಇಲ್ಲಿ ದುಡಿಯಲಿ. ಖರ್ಚಿನ ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಎಷ್ಟೋ ಮನೆಗಳು ಹೀಗೇ ನಡೆಯುತ್ತವೆ. ನಾನು ಬೇಡ ಅನ್ನಲಿಲ್ಲ. ಕಳಿಸುವುದಾದರೆ ಕಳಿಸಿ, ಆದರೆ ಊರು ಅಂದರೆ ಏನು ಅಂತ ಅವನಿಗೆ ಗೊತ್ತಾದ ಮೇಲೆ ಕಳಿಸಿ ಅಂದೆ. ಬಾಚಣಿಗೆಯ ಆಟವನ್ನು ಆಯಿಗೆ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ‘ನಾನ ಅಂದಿದ್ದೆನಲ್ಲವಾ ಆ ಮಾತ’ ಅಂದರು, ಸೊಸೆಯ ಕಡೆ ನೋಡುತ್ತಾ.

ಯಾವ ಪದ ಬಳಸಬೇಕು ಅನ್ನುವುದರಲ್ಲೇ ಎರಡು ಭಾನುವಾರ ಕಳೆದವು. ‘ಸತ್ತ’ ಅನ್ನುವ ಪದ ಬೇಕು ಅಂದೆ. ತಾಯಿಗೆ ಅದು ಬಾಯಿಗೇ ಬರಲಿಲ್ಲ. ‘ಅವರ ಹೆಸರ ಸೈತ ನಾ ಹಿಡಿದಿಲ್ಲ ಅಕ್ಕಾರ. ಹೆಂಗ ಅನ್ನಲಿ ಅದನ್ನ?’ ಪುಸ್ತಕಗಳಲ್ಲಿ ಸ್ಪಷ್ಟ ಪದ ಬಳಸಿ ಅಂತ ಒಂದು ಸಾಲಿನಲ್ಲಿ ಬರೆದಿರುತ್ತದೆ. ಗಂಡನ ಹೆಸರನ್ನೇ ಹೇಳದ ಹೆಂಗಸು ಆ ಸಾಲನ್ನು ದಾಟಲು ಎಷ್ಟು ನಡೆಯಬೇಕು ಅನ್ನುವುದು ಅಲ್ಲಿ ಇರುವುದಿಲ್ಲ.

ದಾರಿ ತೋರಿಸಿದ್ದು ತಾಯಿಯೇ. ಮಳೆಗಾಲದಲ್ಲಿ ಮಗ್ಗುಲಿನವರ ಒಂದು ಕೋಳಿ ಮರಿ ಸತ್ತಿತ್ತು. ಪುಟ್ಟ ಅದನ್ನು ಕೋಲಿನಿಂದ ಮುಟ್ಟಿ ನೋಡಿದ್ದ, ಅದು ಏಳಲಿಲ್ಲ. ‘ಅದರಿಂದ ಶುರು ಮಾಡ್ತೀನ್ರಿ’ ಅಂದರು. ಏನು ಹೇಳಬೇಕು ಅಂತ ನನ್ನ ಎದುರು ನಾಲ್ಕು ಸಲ ಹೇಳಿ ನೋಡಿದರು. ಮೂರು ಸಲ ಅರ್ಧಕ್ಕೇ ನಿಂತರು. ಹೇಳುವಾಗ ಅಳು ಬಂದರೆ ಏನು ಮಾಡಲಿ ಅಂತ ಕೇಳಿದರು. ಅಳು ಬಂದರೆ ಅಳು, ಯಾಕೆ ಅಳುತ್ತಿದ್ದೀ ಅಂತ ಅವನಿಗೆ ಹೇಳು ಅಂದೆ.

ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಹೇಳಿದರು. ಆಯಿ ಮಗ್ಗುಲಲ್ಲೇ ಕೂತಿದ್ದರು, ನಾನು ಬಾಗಿಲ ಹತ್ತಿರ. ‘ತಮ್ಮಾ, ಆ ಕೋಳಿ ಮರಿ ಸತ್ತಿತ್ತಲ್ಲ, ಉಸಿರಾಡಲಿಲ್ಲ, ಏಳಲಿಲ್ಲ, ನೋಡಿದ್ದಿಲ್ಲ? ಅಪ್ಪ ಕೆಲಸದಾಗ ಮ್ಯಾಲಿಂದ ಬಿದ್ದ. ಭಾಳ ಪೆಟ್ಟಾತು. ಡಾಕ್ಟರ್ ಭಾಳ ನೋಡಿದ್ರು. ಆದ್ರ ಅಪ್ಪ ಸತ್ತ. ಊರಾಗ ಹೊಲದಾಗ ಮಣ್ಣು ಮಾಡೀವಿ. ಇನ್ನ ಬರಂಗಿಲ್ಲ. ನಿನ್ನ ಮ್ಯಾಲ ಸಿಟ್ಟಾಗಿ ಹೋಗಿಲ್ಲ. ಊರು ಏನೂ ಮಾಡಿಲ್ಲ. ನಾ ಇಲ್ಲೇ ಅದೀನಿ.’

ಪುಟ್ಟ ಅಳಲಿಲ್ಲ. ‘ಅಪ್ಪಗ ಹಸಿವಾಗಂಗಿಲ್ಲೇನು?’ ಅಂತ ಕೇಳಿದ. ಇಲ್ಲ ಅಂದರು. ‘ಮಳಿ ಬಂದ್ರ ತೋಯ್ಸಂಗಿಲ್ಲೇನು?’ ಇಲ್ಲ, ಅವನಿಗೆ ಏನೂ ಆಗುವುದಿಲ್ಲ, ನೋವೂ ಇಲ್ಲ ಅಂದರು. ಪುಟ್ಟ ಎದ್ದು ಹೊರಗೆ ಆಡಲು ಹೋದ. ತಾಯಿಗೆ ದಿಗಿಲಾಯಿತು, ಇವನಿಗೆ ತಿಳಿಯಲಿಲ್ಲವೇ ಅಂತ. ಈ ವಯಸ್ಸಿನವರು ಹೀಗೇ. ದುಃಖದಲ್ಲಿ ಒಂದು ಗುಟುಕು ಕುಡಿದು ಓಡುತ್ತಾರೆ, ಮತ್ತೆ ಬರುತ್ತಾರೆ.

ಅದಾದ ಮೇಲೆ

ಮೊದಲ ಹತ್ತು ದಿನ ಎಲ್ಲ ಕೆಟ್ಟಿತು. ಹಾಸಿಗೆ ಪ್ರತಿ ರಾತ್ರಿ ಒದ್ದೆ. ಒಂದೇ ಪ್ರಶ್ನೆ ದಿನಕ್ಕೆ ಏಳೆಂಟು ಸಲ: ಅಪ್ಪ ಯಾವಾಗ ಬರ್ತಾನ? ತಾಯಿ ಫೋನ್ ಮಾಡಿ ನನ್ನ ಮೇಲೆ ಸಿಟ್ಟು ಮಾಡಿದರು. ಆ ಸಿಟ್ಟು ಕೇಳಿ ನನಗೆ ಸಮಾಧಾನವೂ ಆಯಿತು, ಹಿಂದೆ ಅವರ ಧ್ವನಿಯಲ್ಲಿ ಏನೂ ಇರಲಿಲ್ಲವಲ್ಲ. ಎಷ್ಟು ಸಲ ಕೇಳಿದರೂ ಅದೇ ಉತ್ತರ, ಅದೇ ಪದಗಳಲ್ಲಿ ಕೊಡಿ ಅಂದೆ. ಆಯಿಯೂ ಅದನ್ನೇ ಹೇಳಲು ಶುರು ಮಾಡಿದರು. ಅದು ಮುಖ್ಯವಾಯಿತು. ಮನೆಯಲ್ಲಿ ಇಬ್ಬರು ಎರಡು ಕತೆ ಹೇಳಿದ್ದರೆ ಹುಡುಗ ಮತ್ತೆ ಒಳಗೆ ಸೇರಿಕೊಳ್ಳುತ್ತಿದ್ದ.

ಮೂರನೇ ವಾರ ಅವನು ಅಂಗನವಾಡಿಯಲ್ಲಿ ಒಂದು ಹುಡುಗನಿಗೆ, ‘ನಮ್ಮಪ್ಪ ಸತ್ತಾನ’ ಅಂದ. ಸಹಾಯಕಿ ಗಾಬರಿಯಾಗಿ ನನಗೆ ಫೋನ್ ಮಾಡಿದರು. ಅವರು ಹೇಳಿದ್ದರಲ್ಲಿ ನಾನು ಹಿಡಿದುಕೊಂಡದ್ದು ಬೇರೆ: ಅವನು ಅಲ್ಲಿ ಮಾತಾಡಿದ್ದ. ದೀಪಾವಳಿಯ ಹೊತ್ತಿಗೆ ಕೊಂಕಣಿಯ ನಾಲ್ಕು ಪದವೂ ಬಂದವು. ಭಾಷೆ ಯಾವತ್ತೂ ಅಡ್ಡಿಯಾಗಿರಲಿಲ್ಲ.

ಮಗ್ಗುಲ ಖೋಲಿಯ ಹೆಂಗಸಿನ ಬಗ್ಗೆ ನಾನು ಇಲ್ಲಿಯವರೆಗೆ ಕಡಿಮೆ ಬರೆದೆ. ಕಚ್ಚಿಸಿಕೊಂಡ ಮೇಲೂ ಅವರು ಪುಟ್ಟನನ್ನು ಬಿಟ್ಟಿರಲಿಲ್ಲ. ಅದೇ ತಟ್ಟೆಯಲ್ಲಿ, ಅದೇ ಹೊತ್ತಿಗೆ ಊಟ ಹಾಕುತ್ತಿದ್ದರು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದ್ದರು. ತುಂಬಾ ಕಷ್ಟದಲ್ಲಿ ಬೆಳೆದವರಲ್ಲೂ ಮೂರರಲ್ಲಿ ಒಬ್ಬರು ಚೆನ್ನಾಗಿ ಬಾಳಿದರು. ಅಂಥವರಿಗೆ ಚಿಕ್ಕಂದಿನಲ್ಲಿ ನಂಬಿಕೆಯ ಒಬ್ಬ ದೊಡ್ಡವರಾದರೂ ಸಿಕ್ಕಿದ್ದರು. ಅದು ತಾಯಿಯೇ ಆಗಿರಬೇಕು ಅಂತಿರಲಿಲ್ಲ. ತಾಯಿಯ ಮುಖ ಕಲ್ಲಾಗಿದ್ದ ನಾಲ್ಕು ತಿಂಗಳು ಪುಟ್ಟನನ್ನು ಹಿಡಿದಿಟ್ಟವರು ಈ ಹೆಂಗಸೇ ಅಂತ ನನಗೆ ಅನಿಸುತ್ತದೆ. ನನ್ನ ಮೊದಲ ಐದು ವಾರದ ಟಿಪ್ಪಣಿಗಳಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ಈಗ ನಾನು ಹೊಸ ಮನೆಗೆ ಹೋದರೆ ಮೊದಲು ಕೇಳುವ ಪ್ರಶ್ನೆ ಇದು: ಈ ಮಗುವಿಗೆ ದಿನಾ ಊಟ ಹಾಕುವವರು ಯಾರು ಯಾರು? ಎರಡನೆಯದು: ಮಗುವಿಗೆ ಏನು ಹೇಳಿದ್ದೀರಿ, ಯಾವ ಮಾತಿನಲ್ಲಿ? ಅನುವಾದ ಬೇಡ, ಬಾಯಿಂದ ಬಂದ ಹಾಗೇ ಬರೆದುಕೊಳ್ಳುತ್ತೇನೆ.

ಊರಿನ ಭಯ ಬರೀ ಮಾತಿನಿಂದ ಹೋಗಲಿಲ್ಲ. ನವೆಂಬರಿನಲ್ಲಿ ತಾಯಿ ಅವನನ್ನು ಬಸ್‌ಸ್ಟ್ಯಾಂಡಿಗೆ ಸುಮ್ನೆ ಕರೆದುಕೊಂಡು ಹೋದರು, ಊರಿಂದ ಬರುವ ಬಸ್ಸು ನೋಡಲು. ಕೆಂಪು ಬಸ್ಸಿನಿಂದ ಜನ ಇಳಿಯುವುದನ್ನು ಅವನು ಮೊದಲ ಸಲ ಗಮನಿಸಿದ. ಗಂಟು, ಡಬ್ಬಿ, ಕೂಸು ಹಿಡಿದುಕೊಂಡು ಇಳಿದರು. ಇದು ನನ್ನ ಯೋಚನೆಯಲ್ಲ, ತಾಯಿಯದು. ಮೂರು ಸಲ ಹೋದರು.

ಎಳ್ಳ ಅಮಾವಾಸ್ಯೆಗೆ ಮೂವರೂ ಊರಿಗೆ ಹೋದರು. ಸಾವಾದ ವರ್ಷ, ಹಬ್ಬ ಮಾಡುವ ಹಾಗಿರಲಿಲ್ಲ. ಆದರೂ ಸುತ್ತಲಿನ ಹೊಲದವರು ಚರಗ (ಭೂಮಿತಾಯಿಗೆ ಎಡೆ) ಚೆಲ್ಲುತ್ತಿದ್ದಾಗ ಇವರೂ ತಮ್ಮ ಹೊಲಕ್ಕೆ ನಡೆದು ಹೋದರು. ಪುಟ್ಟ ಆ ಮಣ್ಣಿನ ದಿಬ್ಬದ ಹತ್ತಿರ ಕೂತು ಕೈಯಿಂದ ಮಣ್ಣು ಮುಟ್ಟಿದ. ಅಪ್ಪ ಇಲ್ಲಿ ಸಣ್ಣಾಗ್ಯಾನೇನು ಅಂತ ಕೇಳಿದ. ರೊಟ್ಟಿಯ ಒಂದು ಚೂರು ಇಟ್ಟ. ಹಸಿವಾಗುವುದಿಲ್ಲ ಅಂತ ಗೊತ್ತಿದೆ, ಆದರೂ ಇಡುತ್ತೇನೆ ಅಂದನಂತೆ. ಐದನೇ ದಿನ ಅವ್ವನ ಕೈ ಹಿಡಿದುಕೊಂಡು ಕೆಂಪು ಬಸ್ಸು ಹತ್ತಿ ಗೋವಾಕ್ಕೆ ಬಂದ.

ಎಲ್ಲ ಸರಿಹೋಗಿಲ್ಲ. ಫೆಬ್ರುವರಿಯಲ್ಲಿ ತಾಯಿಯ ಅಂಕ 8ಕ್ಕೆ ಇಳಿಯಿತು, ಮೇ ತಿಂಗಳು ಬಂದಾಗ ಮತ್ತೆ 12ಕ್ಕೆ ಏರಿತು. ಪರಿಹಾರದ ಅರ್ಜಿ ನಾನು ಇದನ್ನು ಬರೆಯುವಾಗಲೂ ಮುಗಿದಿಲ್ಲ. ತಿಂಗಳ ಬಾಡಿಗೆ ಕಟ್ಟಲಾಗದ ಮನೆಯಲ್ಲಿ ನನ್ನ ಕೆಲಸ ಅರ್ಧದ ಕೆಲಸ ಅಂತ ನನಗೆ ಪ್ರತಿ ಭಾನುವಾರ ಅನಿಸುತ್ತಿತ್ತು. ಒಬ್ಬ ವಕೀಲರನ್ನು ಹುಡುಕಿ ಕೊಟ್ಟದ್ದು, ಆಧಾರಿನ ಅಕ್ಷರ ತಿದ್ದಿಸಿದ್ದು, ನನ್ನ ಆಟದ ಚಾಪೆಯಷ್ಟೇ ಚಿಕಿತ್ಸೆ ಆಗಿತ್ತು. ಸಿಮೆಂಟ್ ಲಾರಿಯ ಸದ್ದು ಬಂದರೆ ಪುಟ್ಟ ಈಗಲೂ ಕಿವಿ ಮುಚ್ಚುತ್ತಾನೆ. ಆಯಿ ಗೋವಾದಲ್ಲೇ ಉಳಿದಿದ್ದಾರೆ.

ಇಲ್ಲಿ ಹೇಳುವ ಕೊನೆಯ ಭೇಟಿ ಜುಲೈನಲ್ಲಿ. ಪುಟ್ಟನಿಗೆ 5 ತುಂಬಿತ್ತು. ಹೊರಡುವಾಗ, ಮುಂದಿನ ಭಾನುವಾರ ಸಿಗುವುದಿಲ್ಲ, ಊರಿಗೆ ಹೊಂಟೀನಿ ಅಂತ ತಾಯಿಗೆ ಹೇಳಿದೆ. ಮಾತು ಬಾಯಿಂದ ಬಿದ್ದ ಮೇಲೆ ಎದೆ ಧಸಕ್ಕೆಂದಿತು. ಪುಟ್ಟ ಆಟ ನಿಲ್ಲಿಸಿ ನೋಡಿದ.

‘ಯಾವ ಬಸ್ಸಿಗೆ?’

‘ಧಾರವಾಡ ಬಸ್ಸಿಗೆ.’

‘ಯಾವಾಗ ಬರ್ತೀರಿ?’

‘ಸೋಮವಾರ ಸಂಜಿಗೆ.’

ಸರಿ ಅನ್ನುವ ಹಾಗೆ ತಲೆ ಆಡಿಸಿ ಮತ್ತೆ ಆಟಕ್ಕೆ ತಿರುಗಿದ. ಸೋಮವಾರ ಬಸ್ಸು ತಡವಾಯಿತು, ಜೋರು ಮಳೆ ಬೇರೆ. ಮನೆಗೆ ಹೋಗದೆ ನೇರವಾಗಿ ಅವರ ಖೋಲಿಗೆ ಹೋಗಿ, ಬಾಗಿಲಲ್ಲಿ ನಿಂತು ಅವನಿಗೆ ಮುಖ ತೋರಿಸಿ ಬಂದೆ.